ಹನ್ನೊಂದನೇ ಪೆಟ್ಟಿಗೆಯ ಬೀಗ

ಮೂರನೇ ಅಡ್ಡರಸ್ತೆಯ ಜನ, ಇದನ್ನು ಬರೆಯುತ್ತಿರುವವನೂ ಸೇರಿದಂತೆ, ಒಂದು ಇಡೀ ಬೇಸಿಗೆ ಬೀಗದಕ್ಕನನ್ನು ಕಳ್ಳರ ಕಡೆಯವಳೆಂದೇ ನಂಬಿದ್ದರು. ನಂಬದೆ ಏನು ಮಾಡುವುದು? ವಾರಕ್ಕೊಮ್ಮೆ ಬೆಳಗ್ಗೆ ಏಳರ ಹೊತ್ತಿಗೆ ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಬರುತ್ತಿದ್ದಳು. ಕಾಂಪೌಂಡಿನ ಹತ್ತಿರ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದಳು. ಚೀಲದಿಂದ ಹಳೇ ರೇಡಿಯೋದ ಏರಿಯಲ್ ತೆಗೆದು ಎಳೆದು ಉದ್ದ ಮಾಡುತ್ತಿದ್ದಳು. ಅದರ ತುದಿಗೆ ಹಲ್ಲಿನ ಡಾಕ್ಟರು ಬಾಯಿಗೆ ತೂರಿಸುವಂಥ ಪುಟ್ಟ ಕನ್ನಡಿ. ಅದನ್ನು ಗೋಡೆಯಾಚೆ ಚಾಚಿ, ಕತ್ತು ವಾರೆ ಮಾಡಿ ಇಣುಕಿ, ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು.

ಇಷ್ಟೇ ಆಗಿದ್ದರೆ ಯಾವುದೋ ಇಲಾಖೆಯವಳಿರಬೇಕು ಎಂದು ಸುಮ್ಮನಾಗಬಹುದಿತ್ತು. ಆದರೆ ಆಕೆಯ ಕಸುಬೇ ಬೀಗ ತೆಗೆಯುವುದು. ಒಂಬತ್ತು ಗಂಟೆಗೆ ಅಂಗಡಿ ತೆರೆದು ಯಾರ ಮನೆ ಬೀಗವನ್ನಾದರೂ ಎರಡು ನಿಮಿಷದಲ್ಲಿ ತೆಗೆಯಬಲ್ಲ ಹೆಂಗಸು ಏಳು ಗಂಟೆಗೆ ನಿಮ್ಮ ಕಾಂಪೌಂಡಿನೊಳಕ್ಕೆ ಕನ್ನಡಿ ಇಳಿಬಿಟ್ಟರೆ ಎದೆ ಧಸಕ್ಕೆನ್ನುವುದಿಲ್ಲವೇ? ಹೆದರಿಕೊಂಡು ಮನೆಗೆ ಇನ್ನೊಂದು ಬೀಗ ಹಾಕಿಸಿದವರೂ ಇದ್ದರು. ಹಾಕಿಸಿದ್ದು ಅವಳ ಕೈಯಲ್ಲೇ. ಆ ಸುತ್ತಿನಲ್ಲಿ ಬೇರೆ ಬೀಗದ ಅಂಗಡಿ ಇರಲಿಲ್ಲ.

ಕೊನೆಗೆ ಧೈರ್ಯವಂತರೊಬ್ಬರು ಗೇಟಿನಲ್ಲೇ ಅಡ್ಡಗಟ್ಟಿ ಕೇಳಿಬಿಟ್ಟರು. "ಏನಮ್ಮಾ, ನಮ್ಮ ಮನೇಲಿ ಏನು ನೋಡ್ತಿದೀಯಾ?"

"ನಿಮ್ಮ ಮನೇಲಿ ನೋಡೋ ಅಂಥದ್ದು ಏನಿದೆ?" ಎಂದಳು ಬೀಗದಕ್ಕ. "ಮರದ ಮೇಲೆ ಪೆಟ್ಟಿಗೆ ಇದೆಯಲ್ಲ, ಅದ್ರಲ್ಲಿ ಹಲ್ಲಿ ಇದೆ. ಬರಕೊಂಡೆ."

ವಿಷಯ ಹೀಗೆ ಬಯಲಾಯಿತು. ಬೀದಿಯಲ್ಲಿ ಅಲ್ಲಲ್ಲಿ ಮರಕ್ಕೋ ಗೋಡೆಗೋ ಹದಿನಾಲ್ಕು ಮರದ ಪೆಟ್ಟಿಗೆಗಳು ತೂಗುತ್ತಿದ್ದವು. ಅವು ಪೊಟರೆಯಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ. ಅವನ್ನು ವಾರಕ್ಕೊಮ್ಮೆ ನೋಡಿ ಬರೆದಿಡುವ ಕೆಲಸವನ್ನು ಬೀಗದಕ್ಕ ಯಾರೂ ಹೇಳದೆ, ಯಾರೂ ಏನೂ ಕೊಡದೆ ಮಾಡುತ್ತಿದ್ದಳು.

ಅವಳಿಗೆ ಈಗ ಐವತ್ತೆರಡು. ಇಪ್ಪತ್ತಮೂರಕ್ಕೆ ಮದುವೆಯಾಗಿ ಬಂದಾಗ ಬೀಗಕ್ಕೂ ಅವಳಿಗೂ ಇದ್ದ ಸಂಬಂಧ ಎಲ್ಲರಿಗೂ ಇರುವಷ್ಟೇ. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು, ಇದ್ದಾಗಲೂ ನಿದ್ದೆ. ಸ್ಟೀರಿಂಗ್ ಹಿಡಿದ ಆ ಕೈಗೆ ಅರ ಹಿಡಿದು ಕೀ ಉಜ್ಜುವ ತಾಳ್ಮೆ ಇಲ್ಲವೆಂದು ಕಂಡುಕೊಂಡ ಮಾವ ವಿದ್ಯೆಯನ್ನು ಸೊಸೆಗೆ ಧಾರೆಯೆರೆದರು. ಮಾವ ಹೋದಮೇಲೆ ಅಂಗಡಿಯಲ್ಲಿ ಇಬ್ಬರೇ. ಒಳಗಿನ ಸ್ಟೂಲಿನ ಮೇಲೆ ಸೊಸೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಂದವರಿಗೆ ತಗಡಿನ ಟೋಕನ್ ಕೊಡುವ ಎಂಬತ್ತರ ಅತ್ತೆ. ಅಂಗಡಿಯ ಅಗಲ ಆರಡಿ. ಒಂದು ಗೋಡೆ ತುಂಬ ಹಲಗೆ, ಹಲಗೆ ತುಂಬ ಮೊಳೆ, ಮೊಳೆ ತುಂಬ ಕೀ. ಇನ್ನೊಂದು ಗೋಡೆಗೆ ಮಾವ ತಮ್ಮ ಕೈಯಿಂದಲೇ ಬರೆದು ತೂಗುಹಾಕಿದ ಬೋರ್ಡು:

"ಬೀಗ ತೆಗೆಯಬೇಕಾದರೆ ಮನೆಯವರೇ ಬರಬೇಕು. ಪಕ್ಕದ ಮನೆಯವರೊಬ್ಬರು ಹೌದೆನ್ನಬೇಕು. ಒಳಗೆ ವಾಸ ಇರುವವರು ಒಪ್ಪದಿದ್ದರೆ ತೆಗೆಯುವುದಿಲ್ಲ."

ಈ ಬೋರ್ಡು ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಸೊಗಸಾಗಿ ಮಾತಾಡುವ ಒಬ್ಬ ಆಸಾಮಿ ಬಂದು, ಮನೆ ಕೀ ಕಳೆದುಹೋಗಿದೆ ಎಂದು ಅಲವತ್ತುಕೊಂಡ. ಮಾವ ಹೋಗಿ ಬಾಗಿಲು ತೆರೆದುಕೊಟ್ಟರು. ಅವನು ಒಳಗೆ ಕೂರಿಸಿ ಟೀ ಮಾಡಿಕೊಟ್ಟ, ಇವರು ಕುಡಿದು ಬಂದರು. ಸಂಜೆ ನಿಜವಾದ ಮನೆಯವರು ಬಂದು ನೋಡಿದಾಗ ಆ ಮನೆಯಲ್ಲಿ ಉಳಿದಿದ್ದದ್ದು ಟೀ ಕುಡಿದ ಎರಡು ಲೋಟ. ಅಂದಿನಿಂದ ನಿಯಮ ನಿಯಮವೇ. ಮೂರನೇ ಸಾಲು ಆಮೇಲೆ ಸೇರಿದ್ದು. ಬಾಡಿಗೆಗೆ ಇದ್ದವರು ಒಳಗಿರುವಾಗಲೇ ಬಾಗಿಲು ತೆಗೆಸಲು ಬಂದ ಒಬ್ಬ ಮಾಲೀಕನ ದಯೆ ಅದು.

ಹಕ್ಕಿಯ ಹುಚ್ಚು ಬೀಗದಕ್ಕನಿಗೆ ಹತ್ತಿದ್ದೂ ಕಸುಬಿನ ದಾರಿಯಿಂದಲೇ. ನಾಲ್ಕು ವರ್ಷದ ಹಿಂದೆ, ದೊಡ್ಡ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕಡತ ತಿರುವಿ ಆಗಷ್ಟೇ ನಿವೃತ್ತರಾಗಿದ್ದ ಹಿರಿಯರೊಬ್ಬರು ಅವಳನ್ನು ಮನೆಗೆ ಕರೆಸಿದರು. ಗೇಟಿನಲ್ಲಿ ತೂಗುಹಾಕಿದ್ದ ಪತ್ರದ ಡಬ್ಬಿಯ ಬೀಗ ಕಚ್ಚಿಕೊಂಡಿತ್ತು. ಬೀಗದಕ್ಕ ಪತ್ರ ಹಾಕುವ ಸೀಳಿನಿಂದ ಟಾರ್ಚು ಬಿಟ್ಟು ನೋಡಿದಳು. ಒಳಗಿನಿಂದಲೂ ಯಾರೋ ಅವಳನ್ನು ನೋಡಿದರು. ಅವಳು ಟಾರ್ಚು ಆರಿಸಿ, ಸಾಮಾನು ಚೀಲಕ್ಕೆ ತುಂಬತೊಡಗಿದಳು.

"ಏನಮ್ಮಾ, ಆಗಲ್ವಾ?"

"ಆಗುತ್ತೆ ಸರ್. ಆದ್ರೆ ಒಳಗೆ ಜನ ಇದಾರೆ."

"ಜನಾನಾ? ಪತ್ರದ ಡಬ್ಬೀಲಾ?"

"ಹಕ್ಕಿ ಸರ್. ಕಾವಿಗೆ ಕೂತಿದೆ."

"ಅಯ್ಯೋ, ನನ್ನ ನಿವೃತ್ತಿಯ ಪ್ರಶಂಸಾ ಪತ್ರ ಬಂದಿರ್ಬೇಕಮ್ಮಾ ಅದ್ರಲ್ಲಿ!"

"ಬಂದಿದೆ ಸರ್. ಅದ್ರ ಮೇಲೇ ಕೂತಿರೋದು."

ತಿಂಗಳು ಕಳೆದು ಡಬ್ಬಿ ತೆರೆದಾಗ ಪ್ರಶಂಸಾ ಪತ್ರ ಗೋಡೆಗೆ ತೂಗುಹಾಕುವ ಸ್ಥಿತಿಯಲ್ಲಿರಲಿಲ್ಲ. ಆದರೆ ಆ ತಿಂಗಳಲ್ಲಿ ಹಿರಿಯರಿಗೂ ಆಸಕ್ತಿ ಹುಟ್ಟಿತ್ತು. ಅದು ಮಡಿವಾಳ ಹಕ್ಕಿ, ಕಪ್ಪು ಬಿಳುಪಿನದು, ಬಾಲ ನಿಮಿರಿಸಿಕೊಂಡು ಓಡಾಡುವಂಥದ್ದು, ಬೆಳಗಿನ ಜಾವಕ್ಕೇ ಸಿಳ್ಳೆ ಹಾಕುವಂಥದ್ದು. ಅದಕ್ಕೆ ತಾನೇ ಮರ ಕೊರೆಯಲು ಬಾರದು. ಹಳೇ ಮರದ ಪೊಟರೆಯೋ ಗೋಡೆಯ ಬಿರುಕೋ ಬೇಕು. ಒಣಮರಗಳನ್ನು ಕಡಿದದ್ದಾಗಿತ್ತು, ಬಿರುಕುಗಳಿಗೆ ಸಿಮೆಂಟು ಬಳಿದದ್ದಾಗಿತ್ತು. ಅದಕ್ಕೇ ಪಾಪ ಡಬ್ಬಿಗೆ ಬಂದದ್ದು. ಇಷ್ಟು ತಿಳಿದ ಮೇಲೆ ಹಿರಿಯರು ಒಂದು ವಾರದಲ್ಲಿ ಸಂಘ ಕಟ್ಟಿದರು, ಅದಕ್ಕೆ ತಾವೇ ಅಧ್ಯಕ್ಷರಾದರು. ನಿಯಮಾವಳಿ ಬರೆದರು. ಅದರಲ್ಲಿ ನಲವತ್ತೊಂದು ಕಲಮುಗಳಿದ್ದವು. ನಲವತ್ತೊಂದೂ ಪದಾಧಿಕಾರಿಗಳ ಬಗ್ಗೆ. ಹಕ್ಕಿ ಎಂಬ ಮಾತು ಸಂಘದ ಹೆಸರಿನಲ್ಲಿ ಮಾತ್ರ ಬರುತ್ತಿತ್ತು.

ಪೆಟ್ಟಿಗೆ ಮಾಡಿಕೊಟ್ಟವನು ಬಡಗಿ. ತೂತಿನ ಅಳತೆ ಎರಡು ಇಂಚಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಕಡಿಮೆ. ಅಷ್ಟಾದರೆ ಮಡಿವಾಳ ನುಗ್ಗುತ್ತದೆ, ಗೊರವಂಕ ನುಗ್ಗಲಾರದು. ಪಕ್ಕಕ್ಕೊಂದು ಪುಟ್ಟ ಬಾಗಿಲು, ಬಾಗಿಲಿಗೆ ಚಿಲಕ. ಪೆಟ್ಟಿಗೆ ನೋಡುವ ಕೆಲಸಕ್ಕೆ ಯಾರು ಎಂದಾಗ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಮೊಣಕಾಲಿನ ನೋವನ್ನು ನೆನೆಸಿಕೊಂಡರು. ಬೀಗದಕ್ಕ ಚೀಲ ಎತ್ತಿಕೊಂಡಳು.

ಮೊದಲ ವರ್ಷವೇ ಎರಡನೇ ಪೆಟ್ಟಿಗೆಯಲ್ಲಿ ಮೂರು ಮರಿಯಾದವು. ಬೀಗದಕ್ಕನಿಗೆ ಆಗ ಏನೂ ಗೊತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮನೆ ಮಾಡಿದ್ದಳು: ತಾರೀಕು, ಮೊಟ್ಟೆ, ಮರಿ, ಷರಾ. ಹದಿನಾಲ್ಕನೇ ದಿನದ ಮನೆ ಖಾಲಿ ಇತ್ತು. ಖಾಲಿ ಬಿಡಬಾರದೆಂದು ಹೋಗಿ ಬಾಗಿಲು ತೆಗೆದಳು. ಪುಕ್ಕ ಬಂದಿದ್ದರೂ ರೆಕ್ಕೆಯಲ್ಲಿ ಇನ್ನೂ ಬಲವಿಲ್ಲದ ಮೂರೂ ಮರಿಗಳು ಗಾಬರಿಯಾಗಿ ಅವಳ ಮುಖದ ಮೇಲೇ ಹಾರಿ ನೆಲಕ್ಕೆ ಬಿದ್ದವು. ಎರಡನ್ನು ಹಿಡಿದು ಒಳಗಿಟ್ಟಳು. ಇಟ್ಟಷ್ಟೇ ಬೇಗ ಅವು ಮತ್ತೆ ಹಾರಿದವು. ಗೋಡೆಯ ಮೇಲೆ ಬೆಕ್ಕೊಂದು ಕೂತಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಷರಾದಲ್ಲಿ ಅವಳು ಬರೆದಳು: "ಮೂರೂ ಹೋದವು. ನನ್ನ ತಪ್ಪು." ವಾರ್ಷಿಕ ವರದಿಯಲ್ಲಿ ಅಧ್ಯಕ್ಷರು ಅದನ್ನು ತಿದ್ದಿ "ಪ್ರತಿಕೂಲ ಹವಾಮಾನದಿಂದಾಗಿ" ಎಂದು ಅಚ್ಚು ಹಾಕಿಸಿದರು. ಸಂಘದ ಗೌರವದ ಪ್ರಶ್ನೆ.

ಆಮೇಲೆ ಅವಳು ಯಾರ್ಯಾರನ್ನೋ ಕೇಳಿ ತಿಳಿದುಕೊಂಡು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಳು: ಹನ್ನೆರಡನೇ ದಿನ ಕಳೆದ ಮೇಲೆ ಮುಟ್ಟಬಾರದು. ಆದರೆ ಆ ನಿಯಮ ಪಾಲಿಸಲು ಮರಿಗಳೇ ಬರಲಿಲ್ಲ. ಮುಂದಿನ ಎರಡು ವರ್ಷ ಪೆಟ್ಟಿಗೆಗಳಿಗೆ ಅಳಿಲು ಬಂದವು, ಕಣಜ ಬಂದವು, ಹಲ್ಲಿ ಅಂತೂ ಕಾಯಂ ಆಯಿತು. ಮಡಿವಾಳ ಮಾತ್ರ ಆ ಕಡೆ ತಿರುಗಿ ನೋಡಲಿಲ್ಲ.

"ಬಾಣಂತಿ ಮನೆಗೆ ಒಂದು ಸಲ ಬೆಕ್ಕು ನುಗ್ಗಿದ್ರೆ ಯಾರು ತಾನೇ ಬರ್ತಾರೆ?" ಎಂದು ಅತ್ತೆ ಬಾಗಿಲಲ್ಲಿ ಕೂತು ಹೇಳುತ್ತಿದ್ದರು. ಸೊಸೆಗೆ ಚುಚ್ಚಬೇಕೆಂದಲ್ಲ, ಬಾಯಿ ಇರುವುದೇ ಹಾಗೆ.

ನಾಲ್ಕನೇ ವರ್ಷ ಬಂದವು. ಅಂಗಡಿಯ ಎದುರಿಗೇ ಇದ್ದ ಹಳೇ ಅಚ್ಚುಕೂಟದ ಅಂಗಳದ ಮರಕ್ಕೆ ತೂಗುಹಾಕಿದ್ದ ಹನ್ನೊಂದನೇ ಪೆಟ್ಟಿಗೆಗೆ ಮಡಿವಾಳದ ಜೋಡಿ ನಾರು, ಬೇರು, ಕೂದಲು ಸಾಗಿಸತೊಡಗಿತು. ಒಂದು ಸೋಮವಾರ ಕನ್ನಡಿಯಲ್ಲಿ ನಾಲ್ಕು ಗುಲಾಬಿ ಬಣ್ಣದ ಮುದ್ದೆಗಳು ಕಂಡವು. ಬೀಗದಕ್ಕ ಅಂಗಡಿಗೆ ಬಂದು ಕೂತು, ಎರಡು ಕೀಗಳನ್ನು ತಪ್ಪಾಗಿ ಉಜ್ಜಿದಳು.

"ಏನಾಯ್ತೇ?" ಎಂದರು ಅತ್ತೆ.

"ನಾಲ್ಕು, ಅತ್ತೆ."

"ನಾಲ್ಕಾದ್ರೆ ನಾಲ್ಕು. ಅದಕ್ಕೆ ಮೂರನೇ ಟೋಕನ್‌ನವರ ಕೀ ಯಾಕೆ ಹಾಳು ಮಾಡ್ತೀಯಾ?"

ಆದರೆ ಅತ್ತೆಯೂ ಕುರ್ಚಿಯನ್ನು ಅಚ್ಚುಕೂಟ ಕಾಣುವಂತೆ ತಿರುಗಿಸಿಕೊಂಡರು.

ಅಧ್ಯಕ್ಷರಿಗೆ ಸುದ್ದಿಯನ್ನು ಬಾಯಲ್ಲಿ ಹೇಳುವಂತಿರಲಿಲ್ಲ. "ಬರವಣಿಗೆಯಲ್ಲಿ ಕೊಡಿ" ಎನ್ನುವುದು ಅವರಿಗೆ ಉಸಿರಿನಷ್ಟೇ ಸಹಜ. ಬೀಗದಕ್ಕ ಸೋಮವಾರವೇ ಚೀಟಿ ಬರೆದು ಅವರ ಮನೆಗೆ ಕೊಟ್ಟಳು. ಅವರು ನೆಂಟರ ಮನೆಗೆ ಹೋಗಿದ್ದವರು ಗುರುವಾರ ಬಂದು, ಚೀಟಿಗೆ "ಸ್ವೀಕರಿಸಲಾಗಿದೆ" ಎಂಬ ಮೊಹರು ಒತ್ತಿ ಕಡತಕ್ಕೆ ಸೇರಿಸಿದರು. ಮುಂದಿನ ಗುರುವಾರ ಸಂಜೆ ಸಭೆ ಕರೆದರು. ಏಳು ಜನ ಸದಸ್ಯರು, ಏಳು ಕಪ್ ಟೀ, ಒಂದು ಪ್ಯಾಕೆಟ್ ಬಿಸ್ಕತ್ತು.

"ಭಾನುವಾರ ಹತ್ತೂವರೆಗೆ ಹನ್ನೊಂದನೇ ಪೆಟ್ಟಿಗೆಯ ಉದ್ಘಾಟನೆ," ಎಂದರು ಅಧ್ಯಕ್ಷರು. "ಉದ್ಯಾನ ಇಲಾಖೆಯ ಮೇಡಂ ಬರ್ತಾರೆ. ಪತ್ರಿಕೆಯವರೂ ಬರ್ತಾರೆ. ಪೆಟ್ಟಿಗೆಯ ಬಾಗಿಲು ತೆರೆದು ಮರಿಗಳನ್ನು ತೋರಿಸೋದು. ಆಹ್ವಾನ ಪತ್ರ ಅಚ್ಚಾಗಿದೆ."

"ಭಾನುವಾರ ಬೇಡ ಸರ್," ಎಂದಳು ಬೀಗದಕ್ಕ. "ಅವತ್ತಿಗೆ ಹದಿನಾಲ್ಕು ದಿನ ಆಗುತ್ತೆ."

ಅಧ್ಯಕ್ಷರು ಕನ್ನಡಕ ಏರಿಸಿ ಕಡತ ತೆರೆದರು. "ಹನ್ನೊಂದು. ನೋಡಿ, ಗುರುವಾರ ಸ್ವೀಕೃತವಾಗಿದೆ. ಗುರುವಾರ ಒಂದು, ಶುಕ್ರವಾರ ಎರಡು... ಭಾನುವಾರಕ್ಕೆ ಹನ್ನೊಂದೇ. ನಿಮ್ಮ ಹನ್ನೆರಡು ದಿನದ ನಿಯಮ ನಂಗೂ ಗೊತ್ತು. ಅದನ್ನು ನೋಡಿಕೊಂಡೇ ದಿನ ಇಟ್ಟಿದ್ದು."

"ಮರಿ ಬಂದಿದ್ದು ಸೋಮವಾರ ಸರ್."

"ಬಂದಿರಬಹುದಮ್ಮಾ. ಆದರೆ ಅಧಿಕೃತವಾಗಿ ಗುರುವಾರ."

"ಮರಿಗೆ ಅದು ಗೊತ್ತಿಲ್ವಲ್ಲ ಸರ್."

ಸಭೆ ನಕ್ಕಿತು. ಅಧ್ಯಕ್ಷರೂ ದೊಡ್ಡ ಮನಸ್ಸಿನಿಂದ ನಕ್ಕರು. ಆಮೇಲೆ, "ನಿಮ್ಮ ಕಳಕಳಿ ಅರ್ಥವಾಗುತ್ತೆ, ಅದನ್ನು ನಡಾವಳಿಯಲ್ಲಿ ದಾಖಲಿಸೋಣ," ಎಂದು ಕೈ ಎತ್ತಿಸಿದರು. ಐದು ಕೈ ಮೇಲೆದ್ದವು.

ಹೊರಗೆ ಬಂದಾಗ ಬಡಗಿ ಅವಳ ಹಿಂದೆಯೇ ಬಂದ. "ನಾನು ಎತ್ತಲಿಲ್ಲ ಅಕ್ಕಾ."

"ಬೇಡ ಅಂತಾನೂ ಎತ್ತಲಿಲ್ವಲ್ಲೋ."

"ಒಂದು ಕೈಲಿ ಟೀ ಇತ್ತು, ಇನ್ನೊಂದು ಕೈಲಿ ಬಿಸ್ಕತ್ತು."

"ಎಂಥ ಗಂಡಸೋ ನೀನು! ಬಾಯಿ ಖಾಲಿ ಇತ್ತಲ್ಲ?"

"ಅದ್ರಲ್ಲೂ ಬಿಸ್ಕತ್ತೇ ಇತ್ತು," ಎಂದ ಬಡಗಿ ಪ್ರಾಮಾಣಿಕವಾಗಿ.

ಮಾರನೇ ದಿನ ಶುಕ್ರವಾರ, ಹನ್ನೆರಡನೇ ದಿನ. ನಿಯಮದ ಪ್ರಕಾರ ಕೊನೆಯ ಭೇಟಿ. ಬೀಗದಕ್ಕ ಯಾವಾಗಿನಂತೆ ಪೆಟ್ಟಿಗೆಯ ಬುಡವನ್ನು ಬೆರಳಿನಿಂದ ಎರಡು ಸಲ ತಟ್ಟಿದಳು. ಒಳಗೆ ತಾಯಿ ಇದ್ದರೆ ಹೊರಹೋಗಲಿ ಎಂಬ ಮರ್ಯಾದೆ ಅದು. ಕನ್ನಡಿ ಹಿಡಿದಳು. ನಾಲ್ಕು ಕೊಕ್ಕು, ಎಂಟು ಕಣ್ಣು, ಮೈತುಂಬ ಪುಕ್ಕ. ನೋಟ್‌ಬುಕ್ಕಿನಲ್ಲಿ ಬರೆದಳು. ಆಮೇಲೆ ಚೀಲದಿಂದ ಹೆಬ್ಬೆರಳ ಗಾತ್ರದ ಹಿತ್ತಾಳೆ ಬೀಗವೊಂದನ್ನು ತೆಗೆದು, ಸದ್ದಾಗದಂತೆ ಚಿಲಕಕ್ಕೆ ಸಿಕ್ಕಿಸಿ ಒತ್ತಿಬಿಟ್ಟಳು. ಎಲ್ಲ ಸೇರಿ ಒಂದು ನಿಮಿಷ.

ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಇಪ್ಪತ್ತೊಂಬತ್ತು ವರ್ಷದಲ್ಲಿ, ಕೇಳದೆ ಇನ್ನೊಬ್ಬರ ಬಾಗಿಲಿಗೆ ಬೀಗ ಹಾಕಿದ್ದು ಅದೇ ಮೊದಲು.

"ಎದುರುಗಡೆ ಏನೋ ಮಾಡ್ದೆ," ಎಂದರು ಅತ್ತೆ. ಎಂಬತ್ತಾದರೂ ದೂರದ ಕಣ್ಣು ಚುರುಕು.

"ಬೀಗ ಹಾಕ್ದೆ."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ."

ಅತ್ತೆ ಗೋಡೆಯ ಬೋರ್ಡು ನೋಡಿದರು, ಸೊಸೆಯನ್ನು ನೋಡಿದರು. "ನಿಮ್ಮ ಮಾವ ಬರೆದಿರೋದು ತೆಗೆಯೋ ವಿಷಯ. ಹಾಕೋ ವಿಷಯ ಏನೂ ಬರೆದಿಲ್ಲ," ಎಂದು ತೀರ್ಪು ಕೊಟ್ಟು, ಕೈ ಚಾಚಿ ಕೀ ಇಸಿದುಕೊಂಡು, ಹಲಗೆಯ ಮೇಲಿನ ಮುನ್ನೂರು ಕೀಗಳ ನಡುವೆ ಒಂದು ಮೊಳೆಗೆ ತೂಗುಹಾಕಿದರು.

ಭಾನುವಾರ ಹತ್ತಕ್ಕೆ ಅಚ್ಚುಕೂಟದ ಅಂಗಳದಲ್ಲಿ ಕುರ್ಚಿಗಳು, ಬ್ಯಾನರು, ಮೈಕು. ಬ್ಯಾನರಿನಲ್ಲಿ ಅಧ್ಯಕ್ಷರ ಫೋಟೋ ಹಕ್ಕಿಯ ಫೋಟೋಗಿಂತ ಕೊಂಚವೇ ದೊಡ್ಡದು. ಇಲಾಖೆಯ ಮೇಡಂ ಸಮಯಕ್ಕೆ ಸರಿಯಾಗಿ ಬಂದು ಗಡಿಯಾರ ನೋಡಿಕೊಂಡು ಕೂತರು. ಅಧ್ಯಕ್ಷರು ಪೆಟ್ಟಿಗೆಯ ಪರಿಚಯ ಮಾಡಿಕೊಡುತ್ತ ಏಣಿಯ ಎರಡು ಮೆಟ್ಟಿಲು ಹತ್ತಿದರು. ಹತ್ತಿದವರು ಅಲ್ಲೇ ನಿಂತರು. ಬೀಗ ನೋಡಿದರು. ಜೇಬಿನಿಂದ ತಮ್ಮ ಮನೆಯ ಕೀ ಗೊಂಚಲು ತೆಗೆದು, ಸ್ಕೂಟರಿನ ಕೀಯನ್ನೂ ಸೇರಿಸಿ, ಒಂದೊಂದಾಗಿ ತೋರಿಸಿ ನೋಡಿದರು. ಇಳಿದು, "ತಾಂತ್ರಿಕ ಕಾರಣದಿಂದ ಐದು ನಿಮಿಷ" ಎಂದು ಮೈಕಿನಲ್ಲಿ ಹೇಳಿ, ಬೀಗ ತೆಗೆಯುವವರನ್ನು ಹುಡುಕಿಕೊಂಡು ಹೊರಟರು. ಹೆಚ್ಚು ದೂರ ಹೋಗಬೇಕಾಗಿರಲಿಲ್ಲ. ರಸ್ತೆ ದಾಟಿದರೆ ಸಾಕು.

ಅಂಗಡಿಯ ಬೆಂಚಿನ ಮೇಲೆ ಆಗಲೇ ಮೂವರು ಕಾದಿದ್ದರು.

"ಬನ್ನಿ, ಟೋಕನ್ ತಗೊಳ್ಳಿ," ಅತ್ತೆ ತಗಡಿನ ಬಿಲ್ಲೆ ಚಾಚಿದರು. ನಾಲ್ಕನೇ ನಂಬರು.

"ಅಮ್ಮಾ, ನಾನು ಅಧ್ಯಕ್ಷ."

"ಗೊತ್ತಪ್ಪಾ. ಅಧ್ಯಕ್ಷರಿಗೆ ಅಂತ ಬೇರೆ ಬಿಲ್ಲೆ ಮಾಡ್ಸಿಲ್ಲ."

ಬೀರುವಿನ ಕೀ ಮುರಿದುಕೊಂಡು ಬಂದಿದ್ದ ಹೆಂಗಸೊಬ್ಬಳು ಅಧ್ಯಕ್ಷರ ಮುಖ ನೋಡಿ ಪಾಪವೆನಿಸಿ ತನ್ನ ಸರದಿ ಬಿಟ್ಟುಕೊಟ್ಟಳು. ಅಧ್ಯಕ್ಷರು ಒಳಗೆ ಬಗ್ಗಿ, ಸ್ವರ ತಗ್ಗಿಸಿ, "ಏನಮ್ಮಾ ಇದು? ಕೀ ಕೊಡು," ಎಂದರು.

"ಬೀಗ ತೆಗೆಸ್ಬೇಕಾ ಸರ್? ಮನೆಯವರು ಬಂದಿದಾರಾ?"

"ನಾನೇ ಮನೆಯವನು! ಪೆಟ್ಟಿಗೆ ಸಂಘದ್ದು, ಸಂಘಕ್ಕೆ ನಾನು ಅಧ್ಯಕ್ಷ."

"ಸರಿ ಸರ್, ಮಾಲೀಕರು ನೀವೇ. ಪಕ್ಕದವರು ಯಾರಾದ್ರೂ ಹೌದು ಅನ್ನಬೇಕಲ್ಲ."

ಅಧ್ಯಕ್ಷರು ಸುತ್ತ ನೋಡಿದರು. ಬಡಗಿ ಹಿಂದೆಯೇ ಬಂದು ನಿಂತಿದ್ದ. "ಹೇಳಯ್ಯಾ, ಪೆಟ್ಟಿಗೆ ನಮ್ಮದು ತಾನೆ?"

"ನಂಗೆ ಇತ್ತೀಚೆಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ ಸರ್," ಎಂದ ಬಡಗಿ. ತೂತಿನಲ್ಲಿ ಅರ್ಧ ನೂಲು ಹೆಚ್ಚಾದರೂ ರಸ್ತೆಯಾಚೆಯಿಂದ ಹೇಳುವ ಕಣ್ಣು ಅದು. ಈ ಸಲ ಅವನ ಎರಡು ಕೈಯೂ ಬಾಯಿಯೂ ಖಾಲಿ ಇದ್ದವು.

"ಇರ್ಲಿ ಬಿಡಿ ಸರ್, ಅದನ್ನೂ ಹೌದು ಅಂತಾನೇ ಇಟ್ಕೊಳ್ಳೋಣ," ಎಂದಳು ಬೀಗದಕ್ಕ, ಬೋರ್ಡಿನ ಮೂರನೇ ಸಾಲಿನ ಕಡೆ ಅರ ತೋರಿಸಿ. "ಒಳಗೆ ವಾಸ ಇರೋರು ಇನ್ನೂ ಖಾಲಿ ಮಾಡಿಲ್ವಲ್ಲ."

ಬೆಂಚಿನ ಮೇಲಿದ್ದವರು ಕತ್ತು ಉದ್ದ ಮಾಡಿದರು. ಅಧ್ಯಕ್ಷರಿಗೆ ಕೋಪ ನೆತ್ತಿಗೇರಿತು. "ಅಲ್ಲಿ ಮೇಡಂ ಕೂತಿದಾರೆ, ಪತ್ರಿಕೆಯವರು ಕೂತಿದಾರೆ, ನೀನು ಇಲ್ಲಿ ಬೋರ್ಡು ಓದಿಸ್ತೀಯಾ? ಅಚ್ಚುಕೂಟದಲ್ಲಿ ಸುತ್ತಿಗೆ ಇದೆ. ಎರಡೇಟು ಹಾಕಿದ್ರೆ ಬೀಗ ತಾನಾಗೇ ಉದುರುತ್ತೆ."

ಬೀಗದಕ್ಕ ಅರ ಕೆಳಗಿಟ್ಟಳು.

"ಹಾಕಿ ಸರ್. ಮೊದಲ್ನೇ ಏಟಿಗೇ ನಾಲ್ಕೂ ಹಾರುತ್ವೆ. ರೆಕ್ಕೇಲಿ ಇನ್ನೂ ಶಕ್ತಿ ಇಲ್ಲ. ಮೇಡಂ ಕಾಲ ಹತ್ರ ಬೀಳ್ತಾವೆ. ಅಚ್ಚುಕೂಟದ ಬೆಕ್ಕು ಬ್ಯಾನರ್ ಕೆಳಗೇ ಮಲಗಿದೆ, ನಾನು ನೋಡ್ದೆ. ಫೋಟೋದವರು ಹೇಗೂ ಇದಾರೆ." ಸ್ಟೂಲಿನಿಂದ ಎದ್ದು ನಿಂತಳು. "ಮೊದಲ್ನೇ ವರ್ಷ ಆ ಬಾಗಿಲು ತೆಗೆದವಳು ನಾನು. ನೀವು ಹವಾಮಾನ ಅಂತ ಬರೆದು ನನ್ನ ಉಳಿಸಿದ್ರಿ. ಇವತ್ತು ಹವೆ ಚೆನ್ನಾಗಿದೆ ಸರ್. ಏನು ಬರೀತೀರಿ?"

ಅಧ್ಯಕ್ಷರು ಕೈಯಲ್ಲಿದ್ದ ತಗಡಿನ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ರಸ್ತೆಯಾಚೆ ತಾಯಿ ಹಕ್ಕಿ ಹುಳು ಕಚ್ಚಿಕೊಂಡು ಬಂದು, ಜನ ಕಂಡು ಪೆಟ್ಟಿಗೆಗೆ ಹೋಗಲಾರದೆ ತಂತಿಯ ಮೇಲೆ ಕೂತು ಕಿರಿಚುತ್ತಿತ್ತು.

"ಹದಿನಾಲ್ಕು ದಿನ ಅಂತೀಯಾ?" ಎಂದು ಕೇಳಿದರು ಕೊನೆಗೆ.

"ಹದಿನಾಲ್ಕು ಸರ್."

"ಮೊಹರು ಗುರುವಾರದ್ದು..." ಎಂದು ಗೊಣಗಿ, ಬಿಲ್ಲೆಯನ್ನು ಅತ್ತೆಯ ಕೈಗೆ ವಾಪಸು ಕೊಟ್ಟು, ಅಂಗಿ ಸರಿಮಾಡಿಕೊಂಡು ರಸ್ತೆ ದಾಟಿದರು. ಬೀಗದಕ್ಕ ಬಾಗಿಲಿಗೆ ಬಂದು ನೋಡಿದಳು. ಅವರು ಸುತ್ತಿಗೆಯ ಕಡೆ ಹೋಗಲಿಲ್ಲ, ಮೈಕಿನ ಕಡೆ ಹೋದರು.

"ಮಾನ್ಯರೇ," ಎಂದು ಮೈಕು ಗರ್ಜಿಸಿತು. "ನಮ್ಮ ಸಂಘದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಹನ್ನೆರಡನೇ ದಿನದ ನಂತರ ಪೆಟ್ಟಿಗೆಯನ್ನು ಅಧ್ಯಕ್ಷನಾದ ನಾನೂ ತೆರೆಯುವಂತಿಲ್ಲ. ಇದನ್ನು ಖಚಿತಪಡಿಸಲು ಬೀಗದ ವ್ಯವಸ್ಥೆಯನ್ನೂ ಮಾಡಿದ್ದೇವೆ..."

"ನೋಡಿದ್ಯಾ," ಎಂದರು ಅತ್ತೆ. "ಬೀಗವೂ ಅವರದೇ ಆಯ್ತು."

"ಆಗ್ಲಿ ಬಿಡಿ," ಎಂದು ಬೀಗದಕ್ಕ ಬಡಗಿಯನ್ನು ಕರೆದುಕೊಂಡು ಹೋಗಿ ಕುರ್ಚಿಗಳನ್ನು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹಾಕಿಸಿದಳು. ಸ್ವಲ್ಪ ಹೊತ್ತಿಗೆ ತಾಯಿ ಧೈರ್ಯಮಾಡಿ ಪೆಟ್ಟಿಗೆಗೆ ಬಂತು. ತೂತಿನಲ್ಲಿ ಹಳದಿ ಬಾಯೊಂದು ತೆರೆದು ಮುಚ್ಚಿತು. ಅರ್ಧ ಗಂಟೆಗೆಂದು ಬಂದಿದ್ದ ಮೇಡಂ ಒಂದು ಗಂಟೆ ಕೂತರು. ನಡುನಡುವೆ ಅಧ್ಯಕ್ಷರು ಸಂಘದ ಸಾಧನೆ ವಿವರಿಸಲು ಬಾಯಿ ತೆರೆದಾಗಲೆಲ್ಲ "ಶ್!" ಎನ್ನುತ್ತಿದ್ದರು.

ಇದಾದ ಎರಡನೇ ದಿನ ಮಂಗಳವಾರ. ಬೆಳಗ್ಗೆ ಆರೂವರೆಗೇ ತಂದೆ ಹಕ್ಕಿ ಎದುರಿನ ಬೇಲಿಯ ಮೇಲೆ ಕೂತು ಬಿಡದೆ ಕರೆಯತೊಡಗಿತು. ಬೀಗದಕ್ಕ ಮೊದಲು ಮಾಡಿದ ಕೆಲಸವೆಂದರೆ ಅಚ್ಚುಕೂಟದ ಬೆಕ್ಕನ್ನು ಎತ್ತಿಕೊಂಡು ಬಂದು ಅಂಗಡಿಯೊಳಗೆ ಕೂಡಿಹಾಕಿದ್ದು. ಅತ್ತೆ ಅದಕ್ಕೆ ಹಾಲಿಟ್ಟರು. ಅದು ಹಾಲು ಕುಡಿದು ಅತ್ತೆಯನ್ನೇ ಪರಚಿತು. ಏಳಕ್ಕೆ ಮೊದಲ ಮರಿ ತೂತಿನಿಂದ ಧುಮುಕಿ, ತೂರಾಡುತ್ತ ಹಾರಿ, ಬೇಲಿ ಹಿಡಿಯಿತು. ಎಂಟರೊಳಗೆ ಇನ್ನೆರಡು. ನಾಲ್ಕನೆಯದು ಮಾತ್ರ ತೂತಿನಲ್ಲಿ ತಲೆ ಇಟ್ಟುಕೊಂಡು ರಸ್ತೆಯಲ್ಲಿ ಹೋಗಿಬರುವವರನ್ನು ಪರಿಶೀಲಿಸುತ್ತ ಕೂತಿತು.

ಗಿರಾಕಿಗಳು ಬಂದರು. ಬೀಗದಕ್ಕ ಕೀ ಉಜ್ಜಿದಳು, ಎದ್ದು ಬಂದು ನೋಡಿದಳು, ಮತ್ತೆ ಉಜ್ಜಿದಳು.

"ಹೋಯ್ತಾ ಅತ್ತೆ?"

"ಇಲ್ಲ ಕಣೇ. ಕೂತಿದೆ, ನಿನ್ನ ಗಂಡನ ಹಾಗೆ. ಹೊರಡೋ ಹೊತ್ತಿಗೇ ಅವನಿಗೂ ಎಲ್ಲಿಲ್ಲದ ಯೋಚನೆ."

ಮಧ್ಯಾಹ್ನ ಊಟಕ್ಕೂ ಇಬ್ಬರೂ ಮನೆಗೆ ಹೋಗಲಿಲ್ಲ. ತಾಯಿ ಹುಳು ತಂದು, ತೂತಿಗೆ ಕೊಡದೆ ಬೇಲಿಯ ಮೇಲೆ ತೋರಿಸಿ ತೋರಿಸಿ ಹಿಂದೆ ಸರಿಯುತ್ತಿತ್ತು. ನಾಲ್ಕು ಗಂಟೆಗೆ, ಬೀಗದಕ್ಕ ಒಬ್ಬರ ಗೋದ್ರೆಜ್ ಬೀರುವಿನ ಬೀಗಕ್ಕೆ ಕಿವಿಗೊಟ್ಟು ಕೂತಿದ್ದಾಗ, ಹೊರಗಿನಿಂದ ಅತ್ತೆಯ ಕೂಗು ಬಂತು: "ಹೋಯ್ತು! ಬೇಲಿ ಮುಟ್ತು!"

ಬೀಗದಕ್ಕ ಬಾಗಿಲಿಗೆ ಬಂದು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ನೋಟ್‌ಬುಕ್ ತೆಗೆದು ಷರಾದಲ್ಲಿ "ನಾಲ್ಕೂ" ಎಂದು ಬರೆದು, ಬೆಕ್ಕನ್ನು ಕತ್ತಲಾಗುವ ತನಕ ಬಿಡಬಾರದೆಂದು ಅತ್ತೆಗೆ ಹೇಳಿ, ಬೀರುವಿನ ಬೀಗಕ್ಕೆ ಮರಳಿದಳು.

ಗುರುವಾರ ಪತ್ರಿಕೆಯ ಹುಡುಗಿ ಮತ್ತೆ ಬಂದಳು. ಅಧ್ಯಕ್ಷರ ಸಂದರ್ಶನ ಆಗಲೇ ಮುಗಿಸಿ ಬಂದಿದ್ದಳು, ಅದು ಹನ್ನೆರಡು ಪುಟವಾಗಿತ್ತು. ಪೆಟ್ಟಿಗೆ ನೋಡುವವರದ್ದೂ ಎರಡು ಮಾತಿರಲಿ ಎಂದು ಅಧ್ಯಕ್ಷರೇ ಕಳಿಸಿಕೊಟ್ಟಿದ್ದರು. ಬೀಗದಕ್ಕ ಹನ್ನೊಂದನೇ ಪೆಟ್ಟಿಗೆಯನ್ನು ಮರದಿಂದ ಇಳಿಸಿ ಅಂಗಡಿಯ ಮುಂದಿಟ್ಟುಕೊಂಡು, ಬಾಗಿಲು ತೆರೆದು, ಹಳೇ ಗೂಡನ್ನು ಕೆರೆಯುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಬೈಲನ್ನು ಅವಳ ಬಾಯಿಯ ಹತ್ತಿರ ಹಿಡಿದು, ಕಣ್ಣಲ್ಲಿ ಆಗಲೇ ಅರ್ಧ ನೀರು ತಂದುಕೊಂಡು ಕೇಳಿದಳು:

"ಇಷ್ಟು ದಿನ ತಾಯಿಯ ಹಾಗೆ ಕಾಪಾಡಿದ ಆ ಪುಟ್ಟ ಮರಿಗಳು ನಿಮ್ಮನ್ನ ಬಿಟ್ಟು ಆಕಾಶಕ್ಕೆ ಹಾರಿಹೋದಾಗ ನಿಮ್ಮ ಮನಸ್ಸಿನಲ್ಲಿ ಏನನ್ನಿಸ್ತು, ಅಕ್ಕಾ?"

ಬೀಗದಕ್ಕ ಪೆಟ್ಟಿಗೆಯೊಳಗೆ ನೋಡಿದಳು.

"ಪೆಟ್ಟಿಗೆ ತುಂಬಾ ಹಿಕ್ಕೆ ಕಣಮ್ಮಾ. ತೊಳೀಬೇಕು ಅನ್ನಿಸ್ತು."